ವಾಷಿಂಗ್ಟನ್ ಎಂಬ ಅಡ್ಡಹೆಸರು: ಹುಟ್ಟಿದ ಊರು, ಹೋದ ದಾರಿ, ದಾಖಲೆ ಓದುವಾಗ ಆಗುವ ತಪ್ಪುಗಳು

ಓಲೆಗರಿ (ಪ್ರಶ್ನೆ)

ಇಂಗ್ಲೆಂಡಿನ ಅಡ್ಡಹೆಸರು ಹುಟ್ಟಿದ ಊರು ಬಿಟ್ಟು ಹೇಗೆ ದೂರ ಹೋಗುತ್ತದೆ ಎಂಬುದಕ್ಕೆ ವಾಷಿಂಗ್ಟನ್ ಹೆಸರನ್ನೇ ಮಾದರಿ ಇಟ್ಟುಕೊಂಡು ಓದುತ್ತಿದ್ದೇನೆ. ಓದಿದಷ್ಟೂ ಗೋಜಲು. ಒಂದು ಕಡೆ ಇದು ಡರಮ್ ಸೀಮೆಯ ಹಳ್ಳಿಯ ಹೆಸರು ಅಂತಿದೆ, ಇನ್ನೊಂದು ಕಡೆ ಸಸೆಕ್ಸ್ ಅಂತಿದೆ. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಮನೆತನದ ಮೂಲ ಮನೆ ಅಂತ ತೋರಿಸುವುದು ನಾರ್ಥಾಂಪ್ಟನ್‌ಶೈರಿನ ಸಲ್‌ಗ್ರೇವ್. ಲ್ಯಾಂಕಷೈರಿನ ವಾರ್ಟನ್ ಚರ್ಚಿನಲ್ಲೂ ಇದೇ ಮನೆತನದ ಲಾಂಛನ ಇದೆ. ಅಮೆರಿಕಕ್ಕೆ ಹೋದವನು ಜಾರ್ಜನ ಮುತ್ತಜ್ಜ ಜಾನ್ ಎಂಬಲ್ಲಿ ಎಲ್ಲರೂ ಒಪ್ಪುತ್ತಾರೆ, ಹೋದ ವರ್ಷ ಮಾತ್ರ ಕೆಲವು ಪುಸ್ತಕಗಳಲ್ಲಿ 1656, ಕೆಲವದರಲ್ಲಿ 1657. ಕೊನೆಯದಾಗಿ, ಅಮೆರಿಕದಲ್ಲಿ ಇವತ್ತು ಈ ಹೆಸರಿನವರಲ್ಲಿ ಹೆಚ್ಚಿನವರು ಕಪ್ಪು ಜನ. ಅವರೆಲ್ಲ ಆ ಮನೆತನದ ಗುಲಾಮರಾಗಿದ್ದವರ ಸಂತಾನ ಎಂದುಕೊಳ್ಳಬಹುದೇ?

ತಿಳಿದವರು ಬಿಡಿಸಿ ಹೇಳಿ. ಯಾವ ದಾಖಲೆಯಿಂದ ಯಾವ ಮಾತು ಗೊತ್ತಾಯಿತು ಅನ್ನುವುದೂ ಬೇಕು.

ಕಡತದಹುಳು

ಮೊದಲು ಅರ್ಥ. ಬಟ್ಟೆ ತೊಳೆಯುವುದಕ್ಕೂ ಈ ಹೆಸರಿಗೂ ಸಂಬಂಧವಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಇದು ಮೂರು ತುಂಡು: ವಾಸ್ಸ ಎಂಬ ಗಂಡಸಿನ ಹೆಸರು, ‘ಇಂಗ್’, ಅಂದರೆ ಅವನ ಕಡೆಯವರು, ‘ಟೂನ್’, ಅಂದರೆ ಬೇಲಿ ಹಾಕಿದ ಜಾಗ, ಮುಂದೆ ಒಕ್ಕಲುಮನೆ, ಅದಕ್ಕೂ ಮುಂದೆ ಊರು. ನಮ್ಮಲ್ಲಿ ದನ ಕಟ್ಟುವ ಹಟ್ಟಿ ಊರಿನ ಹೆಸರಿನ ಬಾಲವಾದ ಹಾಗೆಯೇ. ‘ವಾಸ್ಸನ ಕಡೆಯವರ ಹಟ್ಟಿ’ ಅಂದುಕೊಳ್ಳಿ. ವಾಸ್ಸ ಎಂಬ ಹೆಸರಿನವರು ಒಬ್ಬರಿಗಿಂತ ಹೆಚ್ಚು ಇದ್ದುದರಿಂದ ಊರೂ ಎರಡಾದವು, ಉತ್ತರದಲ್ಲಿ ಡರಮ್ ಸೀಮೆಯ ವಾಷಿಂಗ್ಟನ್ ಒಂದು, ದಕ್ಷಿಣದ ಸಸೆಕ್ಸಿನಲ್ಲಿ ಇನ್ನೊಂದು. ನೀವು ಕೇಳುವ ಮನೆತನದ್ದು ಡರಮ್‌ನದು. ಸಸೆಕ್ಸಿನ ಊರಿಂದ ಹೊರಟವರಿಗೂ ಇದೇ ಅಡ್ಡಹೆಸರು ಅಂಟಬಹುದಿತ್ತು, ಹಾಗಾಗಿ ದಕ್ಷಿಣ ಇಂಗ್ಲೆಂಡಿನಲ್ಲಿ ಒಬ್ಬ ವಾಷಿಂಗ್ಟನ್ ಸಿಕ್ಕ ತಕ್ಷಣ ಈ ಮನೆತನಕ್ಕೆ ಗಂಟು ಹಾಕಬಾರದು. ಹಾನಗಲ್ ಎಂದು ಕರೆಸಿಕೊಳ್ಳುವವರೆಲ್ಲ ಒಂದೇ ಮನೆಯವರಲ್ಲವಲ್ಲ, ಹಾಗೆ.

ಈಗ ಡರಮ್. ಅಲ್ಲಿನ ಬಿಷಪ್ 1183ರಲ್ಲಿ ತನ್ನ ಜಮೀನುಗಳ ಲೆಕ್ಕ ಬರೆಸಿದ. ಬೋಲ್ಡನ್ ಪುಸ್ತಕ ಅಂತ ಅದರ ಹೆಸರು, ನಮ್ಮ ಜಮಾಬಂದಿಯ ತರಹದ್ದು. ಹರ್ಟ್‌ಬರ್ನಿನ ವಿಲಿಯಂ ಎಂಬವನು ಹರ್ಟ್‌ಬರ್ನ್ ಊರನ್ನು ಬಿಷಪ್‌ಗೆ ಬಿಟ್ಟುಕೊಟ್ಟು ಅದರ ಬದಲಿಗೆ ವಾಷಿಂಗ್ಟನ್ ಪಡೆದಿದ್ದಾನೆ, 4 ಪೌಂಡ್ ಕಂದಾಯ ಕಟ್ಟಬೇಕು ಎಂದು ಅದರಲ್ಲಿದೆ. ಚರ್ಚು ಮತ್ತು ಅದರ ಜಮೀನು ಮಾತ್ರ ಈ ಅದಲುಬದಲಿಗೆ ಸೇರಿಲ್ಲ. ಜಮೀನು ಬದಲಾದ ಮೇಲೆ ಅವನ ಹೆಸರೂ ಬದಲಾಯಿತು: ನಿನ್ನೆಯವರೆಗೆ ‘ಹರ್ಟ್‌ಬರ್ನಿನ ವಿಲಿಯಂ’, ಇಂದಿನಿಂದ ‘ವೆಸ್ಸಿಂಗ್ಟನ್ನಿನ ವಿಲಿಯಂ’ (ವಾಷಿಂಗ್ಟನ್ನಿನ ಹಳೆಯ ರೂಪ). 12ನೇ ಶತಮಾನದಲ್ಲಿ ಅಡ್ಡಹೆಸರು ರಕ್ತದ ಗುರುತಲ್ಲ, ಕೈಯಲ್ಲಿರುವ ನೆಲದ ಗುರುತು. ಆದ್ದರಿಂದ 1183ಕ್ಕಿಂತ ಹಿಂದಕ್ಕೆ ವಾಷಿಂಗ್ಟನ್ ಎಂಬ ಹೆಸರು ಹಿಡಿದು ಹುಡುಕಿದರೆ ಈ ಮನೆಯವರು ಸಿಗುವುದಿಲ್ಲ, ಬೇರೆ ಯಾರೋ ಸಿಗುತ್ತಾರೆ.

ತಮಾಷೆಯೆಂದರೆ ಹೆಸರು ಕೊಟ್ಟ ಊರಿನಲ್ಲಿ ಹೆಸರು ಉಳಿಯಲಿಲ್ಲ. ಹಿರಿಯ ಕವಲಿನಲ್ಲಿ 1400ರ ಸುಮಾರಿಗೆ ಉಳಿದವಳು ಒಬ್ಬ ಮಗಳು. ಅವಳ ಮದುವೆಯೊಂದಿಗೆ ಮೇನರ್ (ಜಮೀನ್ದಾರಿ ಆಸ್ತಿ) ಟೆಂಪೆಸ್ಟ್ ಮನೆತನಕ್ಕೆ ಹೋಯಿತು. ಡರಮ್ ಮಠದಲ್ಲಿ 1416ರಿಂದ 1446ರವರೆಗೆ ಜಾನ್ ವೆಸ್ಸಿಂಗ್ಟನ್ ಎಂಬವನು ಮುಖ್ಯಸ್ಥನಾಗಿದ್ದ, ಆದರೆ ಸನ್ಯಾಸಿಯಿಂದ ವಂಶ ಮುಂದುವರಿಯುವುದಿಲ್ಲ. ಹೆಸರನ್ನು ಉಳಿಸಿದ್ದು ಕಿರಿಯ ಕವಲು. ಅದು 13ನೇ ಶತಮಾನದ ಕೊನೆಯಲ್ಲೇ ಮದುವೆ ಸಂಬಂಧದಿಂದ ಪಶ್ಚಿಮಕ್ಕೆ, ವೆಸ್ಟ್‌ಮೋರ್‌ಲ್ಯಾಂಡಿಗೆ ಸರಿದು, ಅಲ್ಲಿಂದ ಲ್ಯಾಂಕಷೈರಿನ ವಾರ್ಟನ್ನಿಗೆ ಬಂದು ನೆಲೆಯೂರಿತ್ತು. ವಾರ್ಟನ್ ಚರ್ಚಿನಲ್ಲಿ ಕಾಣುವ ಲಾಂಛನ ಈ ಕವಲಿನದು.

ಊರ ಹೆಸರು ಅಡ್ಡಹೆಸರಾಗಿ ಅಂಟುವುದು ಊರು ಬಿಟ್ಟ ಮೇಲೆಯೇ. ವಾಷಿಂಗ್ಟನ್ನಿನಲ್ಲಿ ಕೂತವನನ್ನು ನೆರೆಯವರು ವಾಷಿಂಗ್ಟನ್ ಅನ್ನುವ ಅಗತ್ಯವೇ ಇಲ್ಲ, ಜಮೀನ್ದಾರನ ಹೊರತು. ಕಾರ್ನ್‌ವಾಲಿಸ್ ನೋಡಿ, 1781ರಲ್ಲಿ ಯಾರ್ಕ್‌ಟೌನಿನಲ್ಲಿ ಜಾರ್ಜ್ ವಾಷಿಂಗ್ಟನ್‌ಗೆ ಸೋತು 1791ರಲ್ಲಿ ನಮ್ಮ ಬೆಂಗಳೂರು ಕೋಟೆ ಹಿಡಿದವನು. ಅವನ ಅಡ್ಡಹೆಸರಿನ ಅರ್ಥ ‘ಕಾರ್ನ್‌ವಾಲಿನವನು’, ಮನೆತನ ಇದ್ದದ್ದು ಮಾತ್ರ ದೇಶದ ಇನ್ನೊಂದು ತುದಿಯ ಸಫೊಕ್‌ನಲ್ಲಿ.

ನಾಲ್ಕಾಣೆ

ಮೇಲಿನದಕ್ಕೆ ಸಲ್‌ಗ್ರೇವ್ ಭಾಗ ಸೇರಿಸುತ್ತೇನೆ. ವಾರ್ಟನ್ನಿನಿಂದ ಹೊರಟವನು ಲಾರೆನ್ಸ್ ವಾಷಿಂಗ್ಟನ್, 1500ರ ಸುಮಾರಿಗೆ ಹುಟ್ಟಿದವನು. ಅವನು ದಕ್ಷಿಣಕ್ಕೆ ಬಂದದ್ದಕ್ಕೆ ಕಾರಣ ಉಣ್ಣೆ. ಅವನ ತಾಯಿ ಮಾರ್ಗರೆಟ್ ಕಿಟ್ಸನ್; ಸೋದರಮಾವ ಥಾಮಸ್ ಕಿಟ್ಸನ್ ದೊಡ್ಡ ಬಟ್ಟೆ ವ್ಯಾಪಾರಿ. ಮಾವನ ಬೆಂಬಲ, ಕುರಿ ಸಾಕಣೆಯಿಂದ ಬೆಳೆದ ಸ್ಪೆನ್ಸರ್ ಮನೆತನದ ನಂಟು, ಎರಡೂ ಸೇರಿ ನಾರ್ಥಾಂಪ್ಟನ್ನಿನಲ್ಲಿ ಉಣ್ಣೆ ವ್ಯಾಪಾರ ಕೈಹಿಡಿಯಿತು. 1532ರಲ್ಲಿ ಮತ್ತು 1545ರಲ್ಲಿ ಆ ಪಟ್ಟಣದ ಮೇಯರ್ ಆದ. ಎಂಟನೇ ಹೆನ್ರಿ ಮಠಗಳನ್ನು ಮುಚ್ಚಿಸಿ ಅವುಗಳ ಜಮೀನು ಮಾರುತ್ತಿದ್ದಾಗ, 1539ರಲ್ಲಿ, ಸೇಂಟ್ ಆಂಡ್ರೂ ಮಠದ್ದಾಗಿದ್ದ ಸಲ್‌ಗ್ರೇವ್ ಮೇನರನ್ನು 324 ಪೌಂಡ್ 14 ಶಿಲಿಂಗ್ 10 ಪೆನ್ಸಿಗೆ ಕೊಂಡ.

ಹಾಗಾಗಿ ಸಲ್‌ಗ್ರೇವ್ ಮೂಲಸ್ಥಾನವಲ್ಲ, ಕ್ರಯಕ್ಕೆ ಕೊಂಡ ಮನೆ. ಎರಡು ತಲೆಮಾರು ಕೂಡ ಸರಿಯಾಗಿ ನಿಲ್ಲಲಿಲ್ಲ, 1610ರಲ್ಲಿ ಬಂಧುವೊಬ್ಬನಿಗೆ ಮಾರಿಬಿಟ್ಟರು. ಅದು ಹೆಸರುವಾಸಿ ಆದದ್ದು 1914ರಲ್ಲಿ ಚಂದಾ ಎತ್ತಿ ಕೊಂಡು 1921ರಲ್ಲಿ ಜನರಿಗೆ ತೆರೆದ ಮೇಲೆ. ಪ್ರವಾಸಿ ಫಲಕ ನೋಡಿ ‘ಮೂಲ’ ಎಂದು ಬರೆಯುವವರು ಇದನ್ನು ಮರೆಯುತ್ತಾರೆ.

ಮುಂದಿನದು ಇಳಿಜಾರು. ಇಂಗ್ಲೆಂಡಿನಲ್ಲಿ ಜಮೀನು ಹಿರಿಯ ಮಗನಿಗೆ, ಕಿರಿಯರಿಗೆ ಚರ್ಚು, ವ್ಯಾಪಾರ ಇಲ್ಲವೇ ಸಮುದ್ರ. ಸಲ್‌ಗ್ರೇವ್ ಕೊಂಡವನ ಮರಿಮಗನ ಹೆಸರೂ ಲಾರೆನ್ಸ್ (ಈ ಮನೆಯಲ್ಲಿ ಲಾರೆನ್ಸ್ ಮತ್ತು ಜಾನ್ ಬಿಟ್ಟರೆ ಹೆಸರೇ ಇರಲಿಲ್ಲವೇನೋ ಅನ್ನಿಸುತ್ತದೆ). ಇವನು ಐದನೇ ಮಗ. ಆಕ್ಸ್‌ಫರ್ಡಿನ ಬ್ರೇಸ್‌ನೋಸ್ ಕಾಲೇಜಿನಲ್ಲಿ ಫೆಲೋ, ಅಂದರೆ ಕಾಲೇಜಿನ ವಿದ್ವಾಂಸ ಸದಸ್ಯ, ಆಗಿದ್ದ. ಆಗ ಫೆಲೋಗಳು ಮದುವೆ ಆಗುವಂತಿರಲಿಲ್ಲ. 1633ರಲ್ಲಿ ಆ ಜಾಗ ಬಿಟ್ಟು ಎಸೆಕ್ಸಿನ ಪರ್ಲಿ ಎಂಬಲ್ಲಿ ಪಾದ್ರಿಯಾದ, ಒಳ್ಳೆ ಆದಾಯದ ಚರ್ಚು. ಹೆಂಡತಿ ಅಂಫಿಲ್ಲಿಸ್ ಟ್ವಿಗ್ಡನ್. ಅಂತರ್ಯುದ್ಧ ಬಂದಾಗ ರಾಜನ ಕಡೆಯವನೆಂದು 1643ರಲ್ಲಿ ಪಾರ್ಲಿಮೆಂಟಿನವರು ಅವನನ್ನು ತೆಗೆದುಹಾಕಿದರು. ಹೊರಿಸಿದ ಆರೋಪ ಹೆಂಡದಂಗಡಿಗೆ ಪದೇ ಪದೇ ಹೋಗುತ್ತಾನೆ ಎಂದು. ಆ ಕಾಲದಲ್ಲಿ ರಾಜಪಕ್ಷದ ಪಾದ್ರಿಗಳ ಮೇಲೆ ಹೊರಿಸುತ್ತಿದ್ದ ಮಾಮೂಲಿ ಆರೋಪ, ಹಾಗೇ ನಂಬಬೇಕಿಲ್ಲ. ಆಮೇಲೆ ಲಿಟಲ್ ಬ್ರಾಕ್ಸ್‌ಟೆಡ್ ಎಂಬ ಬಡ ಚರ್ಚಿನಲ್ಲಿದ್ದು ತೀರಿಕೊಂಡ. ಮಕ್ಕಳಿಗೆ ಜಮೀನಿಲ್ಲ, ಅಪ್ಪನಿಗಿದ್ದ ಹುದ್ದೆಯೂ ಇಲ್ಲ. ಹಿರಿಮಗ ಜಾನ್ ಹೊಗೆಸೊಪ್ಪಿನ ಹಡಗು ಹತ್ತಿದ್ದಕ್ಕೆ ಹಿನ್ನೆಲೆ ಇದು.

ಶಕವರ್ಷ

1656 ಮತ್ತು 1657ರ ಜಗಳ ಬಿಡಿಸುವುದು ಸುಲಭ. ಎರಡೂ ಸರಿ.

ಇಂಗ್ಲೆಂಡಿನಲ್ಲಿ 1751ರವರೆಗೆ ಕಾನೂನಿನ ವರ್ಷ ಶುರುವಾಗುತ್ತಿದ್ದದ್ದು ಜನವರಿ 1ಕ್ಕಲ್ಲ, ಮಾರ್ಚ್ 25ಕ್ಕೆ. ನಮಗಿದು ಹೊಸದೇನಲ್ಲ, ಯುಗಾದಿಗೆ ಸಂವತ್ಸರ ಬದಲಾಗುವ ಹಾಗೆ. ಜನವರಿ, ಫೆಬ್ರವರಿ, ಮಾರ್ಚ್ 24ರವರೆಗಿನ ದಿನಗಳು ಹಿಂದಿನ ವರ್ಷದ ಬಾಲ. ಶಾಸನದ ಶಕವರ್ಷವನ್ನು ಕ್ರಿಸ್ತಶಕಕ್ಕೆ ತರುವಾಗ ಚೈತ್ರ, ವೈಶಾಖಕ್ಕೆ 78 ಕೂಡಿಸಿ ಮಾಘ, ಫಾಲ್ಗುಣಕ್ಕೆ 79 ಕೂಡಿಸುವವರಿಗೆ ಈ ಲೆಕ್ಕ ತಟ್ಟನೆ ಹೊಳೆಯುತ್ತದೆ. ಜಾನ್ ಇದ್ದ ‘ಸೀ ಹಾರ್ಸ್ ಆಫ್ ಲಂಡನ್’ ಹಡಗು ವರ್ಜೀನಿಯಾ ಪಕ್ಕದ ಪೊಟೊಮ್ಯಾಕ್ ನದಿಯಲ್ಲಿ ನೆಲಕ್ಕೆ ಕಚ್ಚಿಕೊಂಡದ್ದು ಫೆಬ್ರವರಿ ಕೊನೆಯಲ್ಲಿ. ಅಂದಿನ ಕಾಗದದಲ್ಲಿ ಅದು 1656, ನಮ್ಮ ಲೆಕ್ಕದಲ್ಲಿ 1657. ಸರಿಯಾಗಿ ಬರೆಯುವ ಕ್ರಮ 1656/57.

ಇದೇ ಮನೆಯಲ್ಲಿ ಈ ಗುಂಡಿ ಇನ್ನೂ ಮೂರು ಕಡೆ ಇದೆ. ಪಾದ್ರಿ ಲಾರೆನ್ಸನನ್ನು ಮಾಲ್ಡನ್ನಿನಲ್ಲಿ ಹೂಳಿದ್ದು ಜನವರಿ 1652/53. ಅಂಫಿಲ್ಲಿಸ್ ಟ್ರಿಂಗ್‌ನಲ್ಲಿ ಮಣ್ಣಾದದ್ದು ಜನವರಿ 1654/55. ಕೊನೆಗೆ ಜಾರ್ಜ್ ವಾಷಿಂಗ್ಟನ್ ಹುಟ್ಟಿದ್ದು ಹಳೆಯ ಲೆಕ್ಕದಲ್ಲಿ 1731ರ ಫೆಬ್ರವರಿ 11, ಹೊಸ ಲೆಕ್ಕದಲ್ಲಿ 1732ರ ಫೆಬ್ರವರಿ 22. ಇಲ್ಲಿ ವರ್ಷದ ಜೊತೆ ದಿನವೂ ಸರಿಯಿತು, ಯಾಕೆಂದರೆ 1752ರಲ್ಲಿ ಸೆಪ್ಟೆಂಬರ್ 2ರ ಮಾರನೆ ದಿನ 14 ಎಂದು ಮಾಡಿ 11 ದಿನ ಕಿತ್ತುಹಾಕಿದರು. 17ನೇ ಶತಮಾನದ ತಾರೀಖಿಗಾದರೆ ವ್ಯತ್ಯಾಸ 10 ದಿನ. ಸುಮ್ಮನೆ ದಿನ ಬದಲಾಯಿಸಲು ಹೋಗಬೇಡಿ; ದಾಖಲೆಯ ದಿನವನ್ನೇ ಇಟ್ಟು ವರ್ಷವನ್ನು ಮಾತ್ರ ಎರಡು ಅಂಕಿಯಲ್ಲಿ ಬರೆಯಿರಿ.

ಇದನ್ನು ಗಮನಿಸದಿದ್ದರೆ ಆಗುವ ಅನಾಹುತ: ಮಗು ಏಪ್ರಿಲ್ 1640, ಅದರ ತಮ್ಮ ಫೆಬ್ರವರಿ 1640. ಓದುವವರು ಇದು ಸಾಧ್ಯವಿಲ್ಲ, ಬೇರೆ ತಾಯಿಯ ಮಗು ಎಂದು ಎರಡನೇ ಹೆಂಡತಿಯನ್ನು ಹುಟ್ಟಿಸಿಬಿಡುತ್ತಾರೆ. ನಿಜಕ್ಕೆ ಏಪ್ರಿಲ್ ಮೊದಲು, ಫೆಬ್ರವರಿ ಹತ್ತು ತಿಂಗಳು ಆಮೇಲೆ.

ಓಲೆಗರಿ

ತುಂಬಾ ಉಪಕಾರ. ಈಗೊಂದು ಉಪಪ್ರಶ್ನೆ. ಪರ್ಲಿಯ ಪಾದ್ರಿಯ ಮಗ ಜಾನನೇ ವರ್ಜೀನಿಯಾದ ಜಾನ್ ಎನ್ನುವುದು ಗಟ್ಟಿಯಾದದ್ದು ಹೇಗೆ? ಇಬ್ಬರ ಹೆಸರು ಒಂದೇ ಅನ್ನುವುದಷ್ಟೇ ಸಾಲದಲ್ಲ.

ನಾಲ್ಕಾಣೆ

ಸಾಲದು. ಅದೇ ಕಾರಣಕ್ಕೆ ಸುಮಾರು ಎಪ್ಪತ್ತೈದು ವರ್ಷ ತಪ್ಪು ವಂಶವೃಕ್ಷ ಓಡಾಡಿತು.

ಇಂಗ್ಲೆಂಡಿನ ಲಾಂಛನ ಅಧಿಕಾರಿ ಐಸಾಕ್ ಹರ್ಡ್ 1791ರಲ್ಲಿ ಜಾರ್ಜ್ ವಾಷಿಂಗ್ಟನ್‌ಗೇ ಕಾಗದ ಬರೆದು ಕೇಳಿದ್ದ. 1792ರ ಮೇನಲ್ಲಿ ಬಂದ ಉತ್ತರದಲ್ಲಿ, ಈ ವಿಷಯಕ್ಕೆ ಹೆಚ್ಚು ಗಮನ ಕೊಟ್ಟಿಲ್ಲ, ಹಿರಿಯರು ಉತ್ತರದ ಯಾವುದೋ ಸೀಮೆಯವರು ಎಂದು ಕೇಳಿದ್ದೇನೆ ಎಂಬ ಅರ್ಥದ ಮಾತಿತ್ತು. ನೂರಮೂವತ್ತು ವರ್ಷದಲ್ಲಿ ಮನೆಯವರಿಗೇ ದಾರಿ ಮರೆತುಹೋಗಿತ್ತು. ಹರ್ಡ್ ತನ್ನ ಬಳಿಯಿದ್ದ ವಂಶಾವಳಿಗಳನ್ನು ತೆಗೆದು ನೋಡಿದ. ಸಲ್‌ಗ್ರೇವ್ ಮನೆಯಲ್ಲಿ ಜಾನ್ ಮತ್ತು ಲಾರೆನ್ಸ್ ಎಂಬ ಅಣ್ಣತಮ್ಮಂದಿರು ಸಿಕ್ಕರು. ವರ್ಜೀನಿಯಾಕ್ಕೆ ಹೋದವರೂ ಜಾನ್ ಮತ್ತು ಲಾರೆನ್ಸ್. ಜೋಡಿಸಿಬಿಟ್ಟ.

1866ರಲ್ಲಿ ಜೋಸೆಫ್ ಚೆಸ್ಟರ್ ಎಂಬ ವಂಶಾವಳಿ ಸಂಶೋಧಕ ಅದನ್ನು ಒಡೆದ. ಹರ್ಡ್ ಹಿಡಿದ ಜಾನ್ ನೈಟ್ ಪದವಿ ಪಡೆದಿದ್ದ, ದಾಖಲೆಗಳಲ್ಲಿ ಸರ್ ಜಾನ್ ಎಂದೇ ಬರುತ್ತಾನೆ. ವರ್ಜೀನಿಯಾದ ಜಾನ್ ಎಲ್ಲೂ ಸರ್ ಅಲ್ಲ. ಹರ್ಡ್ ಹಿಡಿದ ಲಾರೆನ್ಸ್ ಪಾದ್ರಿ. ವರ್ಜೀನಿಯಾದ ಲಾರೆನ್ಸ್ ವ್ಯಾಪಾರಿ. ಹೆಂಡಂದಿರ ಹೆಸರೂ ಹೊಂದುವುದಿಲ್ಲ. ಒಡೆಯುವುದಕ್ಕೆ ಹೊಸ ದಾಖಲೆಯೇನೂ ಬೇಕಾಗಲಿಲ್ಲ, ಇದ್ದವನ್ನೇ ಪಕ್ಕಪಕ್ಕ ಇಟ್ಟು ಉದ್ಯೋಗ, ಪದವಿ, ಹೆಂಡತಿ ತಾಳೆ ನೋಡಿದ್ದಷ್ಟೇ.

ಆದರೆ ಹಾಗಾದರೆ ಹೋದವರು ಯಾರು? ಉತ್ತರ 1889ರಲ್ಲಿ ಹೆನ್ರಿ ವಾಟರ್ಸ್ ಎಂಬ ಸಂಶೋಧಕನಿಂದ ಬಂತು. ಅವನು ಹಿಡಿದ ಎಳೆಗಳು ಇವು. ವರ್ಜೀನಿಯಾದ ಲಾರೆನ್ಸ್ ತನ್ನ ಉಯಿಲಿನಲ್ಲಿ ಇಂಗ್ಲೆಂಡಿನ ಆಸ್ತಿಯನ್ನು ಮಗಳು ಮೇರಿಗೆ ಬಿಟ್ಟಿದ್ದ. ಆ ಎಳೆ ಬೆಡ್‌ಫರ್ಡ್‌ಶೈರಿನ ಲೂಟನ್ನಿಗೆ ಒಯ್ಯಿತು. ಅಲ್ಲಿಂದ ಕೆಲವೇ ಮೈಲಿ ದೂರದ ಟ್ರಿಂಗ್‌ನಲ್ಲಿ ಆಂಡ್ರೂ ನೌಲಿಂಗ್ ಎಂಬವನ ಉಯಿಲು ಸಿಕ್ಕಿತು. ಇವನು ಅಂಫಿಲ್ಲಿಸಳ ಮಲತಂದೆ. ವಾಷಿಂಗ್ಟನ್ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಹೆಸರಿಸಿದ್ದಾನೆ. ಟ್ರಿಂಗ್ ಚರ್ಚಿನ ಪುಸ್ತಕದಲ್ಲಿ 1635ರ ಜೂನ್ 23ಕ್ಕೆ ಲಾರೆನ್ಸನ ಮಗ ಲಾರೆನ್ಸನ ದೀಕ್ಷಾಸ್ನಾನ ಇದೆ, ಕಾಗುಣಿತ ಮಾತ್ರ ‘ಲಾಯರಂಕ್’ ಅನ್ನುವ ಹಾಗೆ. ಅಂಫಿಲ್ಲಿಸ್ ಉಯಿಲು ಬರೆಯದೆ ತೀರಿಕೊಂಡಾಗ ಅವಳ ಆಸ್ತಿ ನೋಡಿಕೊಳ್ಳುವ ಅಧಿಕಾರಪತ್ರ ಹೋಗಿದ್ದು ಮಗ ಜಾನನಿಗೆ, ಫೆಬ್ರವರಿ 1655/56ರಲ್ಲಿ. ವರ್ಷ ತಿರುಗುವುದರೊಳಗೆ ಅವನು ಪೊಟೊಮ್ಯಾಕ್‌ನಲ್ಲಿದ್ದ.

ಜಾನನ ದೀಕ್ಷಾಸ್ನಾನದ ದಾಖಲೆ ಸಿಕ್ಕಿಲ್ಲ ಎಂಬುದನ್ನು ಗಮನಿಸಿ. ಅವನ ಹುಟ್ಟಿದ ವರ್ಷ ಇಂದಿಗೂ 1630ರ ದಶಕದ ಮೊದಲ ಭಾಗ ಎಂಬ ಅಂದಾಜೇ. ಆದರೂ ಸಂಬಂಧ ಗಟ್ಟಿ, ಏಕೆಂದರೆ ಅದು ನಿಂತಿರುವುದು ತಾಯಿಯ ಕಡೆಯ ಉಯಿಲಿನ ಮೇಲೆ. ಗಂಡಸರ ಹೆಸರೆಲ್ಲ ಲಾರೆನ್ಸ್ ಆಗಿರುವ ಮನೆಯಲ್ಲಿ ಅಂಫಿಲ್ಲಿಸ್, ಟ್ವಿಗ್ಡನ್, ನೌಲಿಂಗ್ ಅಂಥ ಅಪರೂಪದ ಹೆಸರುಗಳೇ ದಾರಿ ತೋರಿಸುವುದು. ಅಡ್ಡಹೆಸರು ಹುಡುಕುವವರು ಆ ಅಡ್ಡಹೆಸರಿನ ಕಾಗದಗಳನ್ನಷ್ಟೇ ನೋಡಿ ಸೋಲುತ್ತಾರೆ.

ಹೊಗೆಸೊಪ್ಪು

ವರ್ಜೀನಿಯಾ ಕಡೆಯ ಎರಡು ಮಾತು. ಜಾನ್ ನೆಲೆಸಬೇಕೆಂದು ಬಂದವನಲ್ಲ. ಎಡ್ವರ್ಡ್ ಪ್ರೆಸ್ಕಾಟ್ ಎಂಬವನ ಹಡಗಿನಲ್ಲಿ ಕೈಕೆಳಗಿನ ಅಧಿಕಾರಿ. ಹೊಗೆಸೊಪ್ಪು ತುಂಬಿಕೊಂಡು ವಾಪಸು ಹೊರಟಾಗ ಹಡಗು ಮರಳದಿಣ್ಣೆಗೆ ಸಿಕ್ಕಿತು, ಸರಕು ಹಾಳಾಯಿತು. ಹಡಗು ಮೇಲೆತ್ತುವಷ್ಟರಲ್ಲಿ ಅವನು ನಥಾನಿಯಲ್ ಪೋಪ್ ಎಂಬ ಜಮೀನ್ದಾರನ ಮನೆಯ ಪರಿಚಯ ಮಾಡಿಕೊಂಡಿದ್ದ. ಪ್ರೆಸ್ಕಾಟ್ ಜೊತೆ ಸಂಬಳದ ತಕರಾರು ಬಂದಾಗ ಬೀವರ್ ತುಪ್ಪಳ ಕೊಟ್ಟು ತೀರಿಸಲು ಮುಂದೆ ಬಂದವನು ಈ ಪೋಪ್. 1658ರಲ್ಲಿ ಪೋಪನ ಮಗಳು ಆನ್ ಜೊತೆ ಮದುವೆ, ಮಾವನಿಂದ ಮ್ಯಾಟಾಕ್ಸ್ ಹಳ್ಳದ ಪಕ್ಕ 700 ಎಕರೆ.

ಪ್ರೆಸ್ಕಾಟ್ ಮೇಲೆ ಜಾನ್ ಇನ್ನೊಂದು ದೂರು ಕೊಟ್ಟ: ಹಡಗಿನಲ್ಲಿ ಒಬ್ಬ ಹೆಂಗಸನ್ನು ಮಾಟಗಾತಿ ಎಂದು ನೇಣು ಹಾಕಿದ್ದಾರೆ ಎಂದು. ವಿಚಾರಣೆ ಮೇರಿಲ್ಯಾಂಡಿನಲ್ಲಿ, 1659ರಲ್ಲಿ. ಆ ದಿನಕ್ಕೆ ಬರಲಾಗದು, ಮಗನ ದೀಕ್ಷಾಸ್ನಾನಕ್ಕೆ ಜನರನ್ನು ಕರೆದಾಗಿದೆ ಎಂದು ಜಾನ್ ಕಾಗದ ಬರೆದ. ಸಾಕ್ಷಿ ಬರದೆ ಪ್ರೆಸ್ಕಾಟ್ ಬಿಡುಗಡೆಯಾದ. ನಮಗೆ ಆದ ಲಾಭ, ಮಗ ಲಾರೆನ್ಸ್ ಹುಟ್ಟಿದ ಕಾಲ 1659ರ ಸೆಪ್ಟೆಂಬರಿನ ಹೊತ್ತು ಎಂದು ತಿಳಿದದ್ದು. ಕೋರ್ಟಿನ ಕಾಗದವನ್ನು ಚರ್ಚಿನ ಪುಸ್ತಕದಷ್ಟೇ ಗಂಭೀರವಾಗಿ ಓದಬೇಕು ಅನ್ನುವುದು ಇದಕ್ಕೇ.

ಹುಡುಕುವವರು ಹೆಚ್ಚು ಮೋಸ ಹೋಗುವುದು ತಲೆಗಿಷ್ಟು ಜಮೀನಿನ ಪಟ್ಟಿಗಳಲ್ಲಿ. ವರ್ಜೀನಿಯಾಕ್ಕೆ ಒಬ್ಬರನ್ನು ಖರ್ಚು ಹಾಕಿ ಕರೆತಂದರೆ ತಂದವನಿಗೆ 50 ಎಕರೆ ಹಕ್ಕು. ಹಾಗೆ ಬಂದವರ ಹೆಸರಿನ ಪಟ್ಟಿ ಜಮೀನಿನ ಪತ್ರದ ಜೊತೆ ಇರುತ್ತದೆ. ಆದರೆ ಪತ್ರದ ತಾರೀಖು ಜನ ಬಂದಿಳಿದ ತಾರೀಖಲ್ಲ. ಹಕ್ಕನ್ನು ಕೈಯಿಂದ ಕೈಗೆ ಮಾರುತ್ತಿದ್ದರು, ಹತ್ತು ವರ್ಷ ಇಟ್ಟುಕೊಂಡು ಬಳಸಿದವರೂ ಇದ್ದಾರೆ, ಒಬ್ಬನ ಹೆಸರಿನಲ್ಲಿ ಎರಡು ಸಲ ಜಮೀನು ಕೇಳಿದವರೂ ಇದ್ದಾರೆ. ಒಬ್ಬನೇ ಎರಡು ಸಲ ಸಮುದ್ರ ದಾಟಿದರೆ ಎರಡೂ ಸಲದ ಲೆಕ್ಕ ಬೇರೆ. ಆ ಪಟ್ಟಿಯಿಂದ ಹೇಳಬಹುದಾದದ್ದು ಒಂದೇ: ಪತ್ರದ ತಾರೀಖಿಗಿಂತ ಮೊದಲೇ ಬಂದಿದ್ದಾನೆ.

ವಲಸೆ ಒಂದೇ ದಿಕ್ಕಿನದು ಎಂದೂ ತಿಳಿಯಬೇಡಿ. ಜಾನನ ಸೊಸೆ ಮಿಲ್‌ಡ್ರೆಡ್ ಗಂಡ ತೀರಿಕೊಂಡ ಮೇಲೆ ಜಾರ್ಜ್ ಗೇಲ್ ಎಂಬ ವ್ಯಾಪಾರಿಯನ್ನು ಮದುವೆಯಾಗಿ ಮಕ್ಕಳ ಸಮೇತ ಇಂಗ್ಲೆಂಡಿನ ವೈಟ್‌ಹೇವನ್ ಬಂದರಿಗೆ ವಾಪಸು ಹೋದಳು, ಅಲ್ಲೇ 1700/01ರ ಜನವರಿಯಲ್ಲಿ ತೀರಿಕೊಂಡಳು. ಮಕ್ಕಳು ಕೆಲವು ವರ್ಷದ ಮೇಲೆ ವರ್ಜೀನಿಯಾಕ್ಕೆ ಮರಳಿದರು. ಅವರಲ್ಲೊಬ್ಬ ಅಗಸ್ಟೀನ್, ಜಾರ್ಜನ ಅಪ್ಪ.

ಕಪ್ಪುಶಾಯಿ

ಕೊನೆಯ ಪ್ರಶ್ನೆಗೆ ಬರೋಣ. 2000ದ ಅಮೆರಿಕನ್ ಜನಗಣತಿಯಲ್ಲಿ ವಾಷಿಂಗ್ಟನ್ ಅಡ್ಡಹೆಸರಿನವರು 1,63,036. ಅವರಲ್ಲಿ ಸುಮಾರು ಶೇ. 90 ಕಪ್ಪು ಜನ. ಅದಕ್ಕೆ ಮುಂದಿನದು ಜೆಫರ್ಸನ್, ಶೇ. 75.

ಇವರೆಲ್ಲ ಆ ಮನೆತನದ ಗುಲಾಮರ ಸಂತಾನ ಅನ್ನಲು ಬರುವುದಿಲ್ಲ. 1799ರಲ್ಲಿ ಜಾರ್ಜನ ತೋಟ ಮೌಂಟ್ ವರ್ನನ್ನಿನಲ್ಲಿ ಗುಲಾಮರಾಗಿ ಇದ್ದವರು 317. ಅದರಲ್ಲಿ ಜಾರ್ಜ್ ವಾಷಿಂಗ್ಟನ್ನನ ಹೆಸರಿನಲ್ಲಿದ್ದವರು 123, 153 ಮಂದಿ ಅವನ ಹೆಂಡತಿ ಮಾರ್ಥಾಳ ಮೊದಲ ಗಂಡನ ಮನೆ ಕಸ್ಟಿಸ್ ಆಸ್ತಿಗೆ ಸೇರಿದವರು, ಉಳಿದವರು ಬಾಡಿಗೆಗೆ ಅಥವಾ ಬೇರೆ ರೀತಿಯಲ್ಲಿ ಬಂದವರು. ಮನೆತನದ ಉಳಿದ ಕವಲುಗಳಲ್ಲೂ ಗುಲಾಮರಿದ್ದರು, ಅವರಲ್ಲಿ ಕೆಲವರ ಸಂತಾನ ಖಂಡಿತ ಈ ಹೆಸರು ಹೊತ್ತಿದೆ. ಆದರೆ ಲಕ್ಷದ ಮೇಲಿನ ಸಂಖ್ಯೆಯನ್ನು ಅದೊಂದರಿಂದಲೇ ವಿವರಿಸಲಾಗದು. ಸ್ವಾತಂತ್ರ್ಯ ಬಂದಾಗ ಹೆಸರನ್ನು ಆರಿಸಿಕೊಂಡವರೂ ಇದ್ದರು. ಜೊತೆಗೆ ವಾಷಿಂಗ್ಟನ್ ಎಂಬುದು ಅಷ್ಟರೊಳಗೆ ಮೊದಲ ಹೆಸರೂ ಆಗಿಬಿಟ್ಟಿತ್ತು. ಗುಲಾಮರಾಗಿ ಹುಟ್ಟಿ ಕಪ್ಪು ಜನರ ನಾಯಕರಾದ ಬುಕರ್ ಟಿ. ವಾಷಿಂಗ್ಟನ್ ಶಾಲೆಯಲ್ಲಿ ಹಾಜರಿ ಕರೆಯುವಾಗ ಉಳಿದ ಮಕ್ಕಳಿಗೆಲ್ಲ ಎರಡು ಹೆಸರಿರುವುದು ಕಂಡು ತನಗೂ ವಾಷಿಂಗ್ಟನ್ ಎಂದು ಹೇಳಿಕೊಂಡವರು. ಅವರ ಮಲತಂದೆಯ ಹೆಸರು ವಾಷಿಂಗ್ಟನ್ ಫರ್ಗುಸನ್. ಅಪ್ಪನ ಮೊದಲ ಹೆಸರು ಮಗನ ಅಡ್ಡಹೆಸರು ಆಗುವುದು ಕನ್ನಡದವರಿಗೆ ವಿಚಿತ್ರ ಅನ್ನಿಸಬಾರದು, ಪಾಸ್‌ಪೋರ್ಟ್ ಅರ್ಜಿಯಲ್ಲಿ ಸರ್‌ನೇಮ್ ಕಾಲಂ ತುಂಬುವಾಗ ನಮ್ಮವರು ಮಾಡುವುದೂ ಅದನ್ನೇ.

ಬಿಳಿಯರಲ್ಲಿ ಸಂಖ್ಯೆ ಕಡಿಮೆ ಇರುವುದಕ್ಕೂ ಕಾರಣ ಇದೆ. ಜಾರ್ಜನಿಗೆ ಮಕ್ಕಳಿಲ್ಲ. ಹೆಸರು ಮುಂದುವರಿದದ್ದು ತಮ್ಮಂದಿರು ಮತ್ತು ಮಲಅಣ್ಣ ಅಗಸ್ಟೀನನ ಕಡೆಯಿಂದ.

ದಾಖಲೆ ಹುಡುಕುವವರಿಗೆ: 1870ರ ಜನಗಣತಿಯೇ ದೊಡ್ಡ ಗೋಡೆ. ಬಿಡುಗಡೆಯಾದವರನ್ನೆಲ್ಲ ಹೆಸರು ಹಿಡಿದು ಬರೆದದ್ದು ಆಗ ಮೊದಲು. 1850 ಮತ್ತು 1860ರ ಗುಲಾಮರ ಪಟ್ಟಿಯಲ್ಲಿ ಯಜಮಾನನ ಹೆಸರು, ಕೆಳಗೆ ವಯಸ್ಸು, ಗಂಡು ಅಥವಾ ಹೆಣ್ಣು, ಮೈಬಣ್ಣ, ಇಷ್ಟೇ. ಗೋಡೆ ದಾಟಲು ಬಿಡುಗಡೆಯಾದವರ ನೆರವಿಗೆ ಸರ್ಕಾರ ತೆರೆದ ಫ್ರೀಡ್‌ಮೆನ್ಸ್ ಬ್ಯೂರೋದ 1865ರಿಂದ 1872ರವರೆಗಿನ ಕಾಗದಗಳು, 1865ರಿಂದ 1874ರವರೆಗಿನ ಫ್ರೀಡ್‌ಮನ್ಸ್ ಬ್ಯಾಂಕ್ ಖಾತೆ ಪುಸ್ತಕಗಳು ಮೊದಲ ಮೆಟ್ಟಿಲು. ಬ್ಯಾಂಕಿನ ಪುಸ್ತಕದಲ್ಲಿ ಹುಟ್ಟಿದ ಜಾಗ, ತಂದೆತಾಯಿ, ಒಡಹುಟ್ಟಿದವರು, ಕೆಲವೊಮ್ಮೆ ಹಳೆಯ ಯಜಮಾನನ ಹೆಸರೂ ಇರುತ್ತದೆ. 1870ರಲ್ಲಿ ಪಕ್ಕದ ಮನೆಗಳಲ್ಲಿರುವವರ ಅಡ್ಡಹೆಸರು ಬರೆದುಕೊಳ್ಳಿ. ಯಜಮಾನ ವಾಷಿಂಗ್ಟನ್ ಎಂದು ಮೊದಲೇ ತೀರ್ಮಾನಿಸಿಕೊಂಡು ಹೊರಟರೆ ತಪ್ಪು ತೋಟದ ಲೆಕ್ಕಪುಸ್ತಕದಲ್ಲಿ ವರ್ಷಗಳು ಹೋಗುತ್ತವೆ.

ಓಲೆಗರಿ

ಇಂಗ್ಲೆಂಡಿನಲ್ಲೇ ಉಳಿದ ವಾಷಿಂಗ್ಟನ್ ಒಬ್ಬರು ತಮ್ಮ ದಾರಿ ಹುಡುಕಬೇಕೆಂದರೆ ಎಲ್ಲಿಂದ ಶುರು? ಅಡ್ಡಹೆಸರಿನ ಲಾಂಛನ ಎಂದು ಚೌಕಟ್ಟು ಹಾಕಿ ಮಾರುತ್ತಾರಲ್ಲ, ಅದಕ್ಕೆ ಬೆಲೆ ಇದೆಯೇ?

ಕಡತದಹುಳು

ಲಾಂಛನದ್ದು ಮೊದಲು ಮುಗಿಸುತ್ತೇನೆ. ಇಂಗ್ಲೆಂಡಿನ ನಿಯಮದಲ್ಲಿ ಲಾಂಛನ ಒಬ್ಬ ವ್ಯಕ್ತಿಗೂ ಅವನ ವಾರಸುದಾರರಿಗೂ ಸೇರಿದ್ದು, ಅಡ್ಡಹೆಸರಿಗಲ್ಲ. ಬಿಳಿ ನೆಲದ ಮೇಲೆ ಎರಡು ಕೆಂಪು ಪಟ್ಟಿ, ಮೇಲೆ ಮೂರು ಕೆಂಪು ನಕ್ಷತ್ರ, ಇದು ಈ ಮನೆತನದ್ದು. 1938ರಲ್ಲಿ ವಾಷಿಂಗ್ಟನ್ ನಗರದ ಬಾವುಟವೂ ಅದೇ ಆಯಿತು. ಚೌಕಟ್ಟು ಕೊಂಡರೆ ಗೋಡೆಗೆ ಚೆನ್ನ, ವಂಶಕ್ಕೆ ಪುರಾವೆ ಅಲ್ಲ.

ಹುಡುಕಾಟ ಯಾವಾಗಲೂ ಬದುಕಿರುವವರಿಂದ ಹಿಂದಕ್ಕೆ, ಒಂದು ಸಲಕ್ಕೆ ಒಂದೇ ತಲೆಮಾರು. ಸಲ್‌ಗ್ರೇವ್‌ನಿಂದ ಮುಂದಕ್ಕೆ ಬರಲು ಹೋದವರು ತಮಗೆ ಬೇಕಾದವರನ್ನೇ ಜೋಡಿಸಿಕೊಳ್ಳುತ್ತಾರೆ.

ಸರ್ಕಾರಿ ನೋಂದಣಿ ಶುರುವಾದದ್ದು 1837ರ ಜುಲೈ 1ಕ್ಕೆ. ಸೂಚಿ ಮೂರು ಮೂರು ತಿಂಗಳ ಕಂತಿನಲ್ಲಿದೆ, ಅದೂ ನೋಂದಾಯಿಸಿದ ದಿನದ ಪ್ರಕಾರ. ಜನನಕ್ಕೆ 42 ದಿನ ಅವಕಾಶ, ಹಾಗಾಗಿ ಮಾರ್ಚ್ ಕೊನೆಗೆ ಹುಟ್ಟಿದ ಮಗುವನ್ನು ಜೂನ್ ಕಂತಿನಲ್ಲಿ ನೋಡಿ. ಹಳೆಯ ಸೂಚಿಯಲ್ಲಿ ತಾಯಿಯ ತವರಿನ ಅಡ್ಡಹೆಸರು 1911ರ ಸೆಪ್ಟೆಂಬರ್ ಕಂತಿನಿಂದ ಮಾತ್ರ ಇದೆ; ನೋಂದಣಿ ಕಚೇರಿಯ ಹೊಸ ಆನ್‌ಲೈನ್ ಸೂಚಿಯಲ್ಲಿ 1837ರಿಂದಲೇ ಇದೆ. ಅದನ್ನೇ ಬಳಸಿ, ಅರ್ಧ ಕೆಲಸ ಮುಗಿಯುತ್ತದೆ. 1875ಕ್ಕೆ ಮುಂಚೆ ನೋಂದಾಯಿಸದಿದ್ದರೆ ಕೇಳುವವರಿರಲಿಲ್ಲ, ಸಿಗದಿದ್ದರೆ ಚರ್ಚಿನ ಪುಸ್ತಕಕ್ಕೆ ಹೋಗಿ. ಮದುವೆ ಪತ್ರದಲ್ಲಿ ಇಬ್ಬರ ಅಪ್ಪಂದಿರ ಹೆಸರು, ಉದ್ಯೋಗ ಇರುತ್ತದೆ. ಅಮ್ಮಂದಿರ ಹೆಸರು ಸೇರಿದ್ದು 2021ರ ಮೇನಿಂದ.

ಜನಗಣತಿಗಳಲ್ಲಿ 1841ರದ್ದನ್ನು ಅನುಮಾನದಿಂದ ಓದಿ. 15 ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆದಿದ್ದಾರೆ, 34 ವರ್ಷದವನು 30. ಮನೆಯವರ ನಡುವಿನ ಸಂಬಂಧ ಬರೆದಿಲ್ಲ. ಹುಟ್ಟಿದ ಊರಿನ ಬದಲು ಇದೇ ಸೀಮೆಯೇ ಅಲ್ಲವೇ ಎಂಬುದಷ್ಟೇ ಇದೆ. ಊರಿನ ಹೆಸರು ಬರುವುದು 1851ರಿಂದ, ವಲಸೆ ಹಿಡಿಯಲು ಅದೇ ಕೀಲಿ. 1931ರ ಜನಗಣತಿ ಬೆಂಕಿಗೆ ಹೋಯಿತು, 1941ರದ್ದು ಯುದ್ಧದಿಂದ ನಡೆಯಲೇ ಇಲ್ಲ. ಆ ಜಾಗಕ್ಕೆ 1939ರ ರಿಜಿಸ್ಟರ್, ಯುದ್ಧ ಶುರುವಾದಾಗ ಬರೆದ ಜನರ ಪಟ್ಟಿ.

1837ಕ್ಕೆ ಹಿಂದೆ ಚರ್ಚಿನ ಪುಸ್ತಕಗಳು, ನಿಯಮದ ಪ್ರಕಾರ 1538ರಿಂದ. ಪುಸ್ತಕ ಹಾಳಾಗಿದ್ದರೆ ಅದರ ನಕಲು ಬಿಷಪ್ ಕಚೇರಿಗೆ ಹೋಗಿರುತ್ತದೆ, 1598ರಿಂದ. ಅಂತರ್ಯುದ್ಧ ಶುರುವಾದಂದಿನಿಂದ 1660ರವರೆಗೆ ಬಹಳ ಕಡೆ ಹಾಳೆಗಳೇ ಖಾಲಿ. ಉಯಿಲುಗಳು 1858ರ ಜನವರಿವರೆಗೆ ಚರ್ಚಿನ ಕೋರ್ಟುಗಳಲ್ಲಿ. ಕ್ಯಾಂಟರ್ಬರಿ ಕೋರ್ಟಿನವು ಲಂಡನ್ನಿನ ಕ್ಯೂ ಎಂಬಲ್ಲಿನ ರಾಷ್ಟ್ರೀಯ ದಾಖಲೆಗಾರದಲ್ಲಿವೆ, ಯಾರ್ಕಿನವು ಅಲ್ಲಿನ ಬೋರ್ತ್‌ವಿಕ್ ಸಂಸ್ಥೆಯಲ್ಲಿ. 1653ರಿಂದ 1660ರವರೆಗೆ ಇಡೀ ದೇಶಕ್ಕೆ ಲಂಡನ್ನಿನ ಒಂದೇ ಕೋರ್ಟು ಇತ್ತು, ಅಂಫಿಲ್ಲಿಸಳ ಕಾಗದ ಹುಟ್ಟಿದ್ದು ಆ ಅವಧಿಯಲ್ಲೇ. ಚರ್ಚಿನ ಪುಸ್ತಕ ಖಾಲಿ ಇರುವ ಕಾಲಕ್ಕೆ ಉಯಿಲು ಒಂದೇ ಕಡೆ ಸಿಗುತ್ತದೆ ಎಂಬುದು ನಮ್ಮ ಅದೃಷ್ಟ.

ದೀಕ್ಷಾಸ್ನಾನ ಸಿಕ್ಕ ಖುಷಿಯಲ್ಲಿ ಅಲ್ಲಿಗೇ ನಿಲ್ಲಬೇಡಿ. ಅದೇ ಚರ್ಚಿನ ಸಮಾಧಿ ಪಟ್ಟಿಯನ್ನು ಮುಂದಿನ ಹತ್ತು ವರ್ಷ ಓದಿ. ಮಗು ತೀರಿಕೊಂಡರೆ ಮುಂದಿನದಕ್ಕೂ ಅದೇ ಹೆಸರಿಡುತ್ತಿದ್ದರು. ಮೊದಲ ಲಾರೆನ್ಸ್ ಮಣ್ಣಾಗಿ ಎರಡನೆಯವನು ಬದುಕಿದ್ದರೆ ಆನ್‌ಲೈನ್ ವಂಶವೃಕ್ಷಗಳಲ್ಲಿ ಸತ್ತ ಮಗುವಿಗೆ ಮದುವೆ ಮಾಡಿಸಿರುತ್ತಾರೆ.

ಹುಡುಕುವಾಗ ಹೆಸರಿನ ಸ್ವರಗಳ ಜಾಗದಲ್ಲಿ ನಕ್ಷತ್ರ ಚಿಹ್ನೆ (*) ಹಾಕಿ, ವಾಸ್, ವೆಸ್, ವಾಷ್ ಎಲ್ಲ ಒಟ್ಟಿಗೆ ಬರುತ್ತವೆ. ನಡುವಿನ ‘ಹೆಚ್’ ಅಕ್ಷರವೂ ನಕ್ಷತ್ರಕ್ಕೆ ಸೇರಲಿ.

ಶಕವರ್ಷ

ಡಿಎನ್‌ಎ ಬಗ್ಗೆ ಯಾರೂ ಹೇಳಲಿಲ್ಲ. ವೈ ಕ್ರೋಮೋಸೋಮ್ ಅಪ್ಪನಿಂದ ಮಗನಿಗೆ ಹೋಗುವುದರಿಂದ ಅಡ್ಡಹೆಸರಿನ ಜೊತೆಜೊತೆಗೇ ಸಾಗುತ್ತದೆ. ಅದರ 37 ಜಾಗಗಳನ್ನು ಹೋಲಿಸುವ 37 ಗುರುತಿನ ಪರೀಕ್ಷೆ ಇಬ್ಬರು ಸಂಬಂಧಿಗಳಲ್ಲ ಎಂದು ತೆಗೆದುಹಾಕಲು ಸಾಕು, ಹತ್ತಿರದವರು ಹೌದು ಎನ್ನಲು 111 ಗುರುತಿನದು ಬೇಕು. ಈ ಮನೆತನದ ಗಂಡು ಸಾಲಿಗೆ ಹೋಲಿಸುವ ಮಾದರಿ ಈಗ ಇದೆ: ಜಾರ್ಜನ ತಮ್ಮ ಸ್ಯಾಮ್ಯುಯಲ್‌ನ ಮೊಮ್ಮಕ್ಕಳ ಅವಶೇಷಗಳನ್ನು ಬದುಕಿರುವ ವಂಶಸ್ಥರೊಬ್ಬರ ಡಿಎನ್‌ಎ ಜೊತೆ ಹೋಲಿಸಿ ಗುರುತಿಸಿದ ಅಧ್ಯಯನ 2024ರಲ್ಲಿ ಪ್ರಕಟವಾಗಿದೆ. ಆದರೆ ಹೊಂದಿಕೆ ಬಂದರೆ ಗಂಡು ಸಾಲು ಒಂದೇ ಎಂದು ತಿಳಿಯುತ್ತದೆಯೇ ಹೊರತು ಯಾವ ಲಾರೆನ್ಸ್ ಎಂದು ತಿಳಿಯುವುದಿಲ್ಲ. ಅದಕ್ಕೆ ಮತ್ತೆ ಟ್ರಿಂಗ್‌ನ ಉಯಿಲೇ ಗತಿ.